ಪುಸ್ತಕದ ಕಪಾಟು: ಹಲಗೆ ಕೊಯ್ಯುವ ಮೊದಲು ಒಂದಿಷ್ಟು ಲೆಕ್ಕ

ನಮ್ಮ ಮನೆಗಳಲ್ಲಿ ಬಟ್ಟೆಗೆ ಬೀರು ಇರುತ್ತದೆ, ಪಾತ್ರೆಗೆ ಸ್ಟ್ಯಾಂಡ್ ಇರುತ್ತದೆ, ಟಿ.ವಿ.ಗೆ ಷೋಕೇಸ್ ಇರುತ್ತದೆ. ಪುಸ್ತಕಗಳಿಗೆ ಮಾತ್ರ ಜಾಗ ಸಿಕ್ಕಲ್ಲೇ ವಾಸ: ಕಿಟಕಿಯ ಕಟ್ಟೆಯ ಮೇಲೆ, ಮಂಚದ ಕೆಳಗೆ, ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ ಸಜ್ಜದ ಮೇಲೆ. ಪರೀಕ್ಷೆ ಮುಗಿದ ಮೇಲೆ ಅವುಗಳಲ್ಲಿ ಅರ್ಧದಷ್ಟು ಹಳೆಯ ಪೇಪರಿನವರ ತಕ್ಕಡಿಗೆ ಏರುತ್ತವೆ. ಉಳಿದವು ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತವೆ, ಇಲ್ಲವೇ ಗೆದ್ದಲಿನ ಪಾಲಾಗುತ್ತವೆ. ಅಣ್ಣ ಓದಿದ ಭೌತಶಾಸ್ತ್ರದ ಪುಸ್ತಕ ತಂಗಿಯ ಕೈಗೆ ಸಿಗುವುದಿಲ್ಲ. ತಾತ ತಂದಿಟ್ಟ ಕಾದಂಬರಿ ಮನೆಯಲ್ಲೇ ಇದ್ದರೂ ಮೊಮ್ಮಕ್ಕಳಿಗೆ ಅದು ಇದೆಯೆಂದೇ ಗೊತ್ತಿರುವುದಿಲ್ಲ. ಕಣ್ಣಿಗೆ ಬೀಳದ ಪುಸ್ತಕವನ್ನು ಯಾರೂ ಓದುವುದಿಲ್ಲ.

ಇದಕ್ಕೆ ಪರಿಹಾರ ಒಂದು ಕಪಾಟು. ಕಪಾಟು ಎಂದ ಕೂಡಲೇ ಬಡಗಿ, ತೇಗ, ಸಾವಿರಾರು ರೂಪಾಯಿ ಎಂದು ಮನೆಯವರು ಹಿಂಜರಿಯುವುದು ಸಹಜ. ವಾಸ್ತವದಲ್ಲಿ ಒಳ್ಳೆಯ ಕಪಾಟಿಗೆ ದುಬಾರಿ ಮರಕ್ಕಿಂತ ಮೊದಲು ಬೇಕಾಗುವುದು ಸರಿಯಾದ ಅಳತೆ. ಆ ಅಳತೆಗೆ ಬೇಕಾದ ಗಣಿತ ಮತ್ತು ಭೌತವಿಜ್ಞಾನ ನಿಮ್ಮ ಪಠ್ಯಪುಸ್ತಕಗಳಲ್ಲೇ ಇದೆ. ಪರದೆಯ ಮೇಲೆ ಆಡಿದ ಮಾತು ಕ್ಷಣದಲ್ಲಿ ಸರಿದುಹೋಗುತ್ತದೆ. ಅಂಕಿಗಳು ಹಾಗಾಗಬಾರದು, ಅವು ಕಾಗದದ ಮೇಲೆ ಎದುರಿಗಿರಬೇಕು. ಆದುದರಿಂದ ಈ ಪುಟಗಳಲ್ಲಿ ಲೆಕ್ಕಕ್ಕೆ ಸ್ವಲ್ಪ ಹೆಚ್ಚು ಜಾಗ ಕೊಟ್ಟಿದ್ದೇವೆ. ಪೆನ್ಸಿಲ್, ಟೇಪು ಮತ್ತು ಒಂದು ಹಾಳೆ ಕಾಗದ ಹಿಡಿದು ಕುಳಿತುಕೊಳ್ಳಿ.

ಮೊದಲು ಪುಸ್ತಕಗಳನ್ನು ಅಳೆಯಿರಿ

ಬಹಳ ಮಂದಿ ಮೊದಲು ಗೋಡೆಯನ್ನು ಅಳೆಯುತ್ತಾರೆ. ಅಳತೆ ಶುರುವಾಗಬೇಕಾದದ್ದು ಪುಸ್ತಕದಿಂದ. ಯಾವುದಾದರೂ ಕನ್ನಡ ಪುಸ್ತಕದ ಮೊದಲ ಕೆಲವು ಪುಟಗಳನ್ನು ತಿರುವಿ ನೋಡಿ. ಪ್ರಕಾಶಕರ ವಿಳಾಸ, ಬೆಲೆ, ಪ್ರತಿಗಳ ಸಂಖ್ಯೆಯ ಜೊತೆಗೆ 'ಡೆಮಿ 1/8' ಎಂದೋ 'ಕ್ರೌನ್ 1/8' ಎಂದೋ ಅಚ್ಚಾಗಿರುವುದುಂಟು. ಬಳಸಿದ ಕಾಗದ '70 ಜಿ.ಎಸ್.ಎಂ. ಮ್ಯಾಪ್ಲಿಥೊ' ಎಂದೂ ಇರುತ್ತದೆ. ಯಾರೂ ಓದದೆ ದಾಟಿಹೋಗುವ ಆ ಸಾಲುಗಳೇ ನಮ್ಮ ಲೆಕ್ಕಕ್ಕೆ ಆಧಾರ.

ಡೆಮಿ 1/8 ಎಂದರೆ ಸುಮಾರು 14 ಸೆಂ.ಮೀ. ಅಗಲ, 21.5 ಸೆಂ.ಮೀ. ಎತ್ತರದ ಪುಸ್ತಕ. ಕ್ರೌನ್ 1/8 ಇದಕ್ಕಿಂತ ಚಿಕ್ಕದು, ಸುಮಾರು 12 ಮತ್ತು 18 ಸೆಂ.ಮೀ. ದೊಡ್ಡ ಪಠ್ಯಪುಸ್ತಕ, ಅಟ್ಲಾಸು, ರೆಕಾರ್ಡ್ ಪುಸ್ತಕಗಳು 30 ಸೆಂ.ಮೀ. ಎತ್ತರದವರೆಗೂ ಹೋಗುತ್ತವೆ. ಜಿ.ಎಸ್.ಎಂ. ಎಂದರೆ ಒಂದು ಚದರ ಮೀಟರ್ ಕಾಗದದ ತೂಕ ಎಷ್ಟು ಗ್ರಾಂ ಎಂಬ ಸಂಖ್ಯೆ.

ಈಗ 200 ಪುಟಗಳ ಒಂದು ಡೆಮಿ ಪುಸ್ತಕವನ್ನು ತಕ್ಕಡಿಯಿಲ್ಲದೆ ತೂಗೋಣ. 200 ಪುಟ ಎಂದರೆ 100 ಹಾಳೆ. ಒಂದು ಹಾಳೆಯ ವಿಸ್ತೀರ್ಣ 0.14 ಗುಣಿಸು 0.215, ಅಂದರೆ ಸುಮಾರು 0.03 ಚದರ ಮೀಟರ್. 100 ಹಾಳೆಗೆ 3 ಚದರ ಮೀಟರ್. ಪ್ರತಿ ಚದರ ಮೀಟರಿಗೆ 70 ಗ್ರಾಂನಂತೆ 210 ಗ್ರಾಂ. ರಕ್ಷಾಪುಟ ಮತ್ತು ಅಂಟು ಸೇರಿದರೆ ಇನ್ನೊಂದಿಷ್ಟು. ಇಂತಹ ಪುಸ್ತಕದ ದಪ್ಪ ಸುಮಾರು 1 ಸೆಂ.ಮೀ. ಹೀಗಾಗಿ ಒಂದು ಮೀಟರ್ ಉದ್ದದ ಹಲಗೆಯ ಮೇಲೆ ಇವು ಸುಮಾರು 100 ನಿಲ್ಲುತ್ತವೆ, ಒಟ್ಟು ತೂಕ 22 ಕಿ.ಗ್ರಾಂ. ಆಸುಪಾಸು. ಅಡುಗೆಮನೆಯ ತಕ್ಕಡಿಯಲ್ಲಿ ನಾಲ್ಕಾರು ಪುಸ್ತಕ ಇಟ್ಟು ನಿಮ್ಮ ಲೆಕ್ಕವನ್ನು ತಾಳೆ ನೋಡಬಹುದು.

ದೊಡ್ಡ ಪಠ್ಯಪುಸ್ತಕಗಳ ಸಾಲು ಇದಕ್ಕಿಂತ ಬಹಳ ಭಾರ. ಮೀಟರಿಗೆ 50 ಕಿ.ಗ್ರಾಂ. ಎಂದು ಹಿಡಿಯುವುದು ಕ್ಷೇಮ. ಎರಡು ಸಿಮೆಂಟ್ ಮೂಟೆಯನ್ನು ಒಂದರ ಪಕ್ಕ ಒಂದು ಎರಡು ಮೀಟರ್ ಹಲಗೆಯ ಮೇಲೆ ಇಟ್ಟಂತೆ! ಕಾಗದ ಹಗುರ ಎಂಬ ನಮ್ಮ ಭಾವನೆ ಹಾಳೆಯ ಮಟ್ಟಿಗೆ ನಿಜ, ಸಾಲಿನ ಮಟ್ಟಿಗೆ ಅಲ್ಲ.

ಎಷ್ಟು ಖಾನೆ, ಎಷ್ಟು ಎತ್ತರ?

ಮನೆಯ ಎಲ್ಲ ಪುಸ್ತಕಗಳನ್ನೂ ಒಂದು ದಿನ ನೆಲಕ್ಕಿಳಿಸಿ, ಎತ್ತರದ ಪ್ರಕಾರ ಎರಡು ಗುಂಪು ಮಾಡಿ. ಒಂದು, 22 ಸೆಂ.ಮೀ. ಒಳಗಿನವು. ಇನ್ನೊಂದು, ಅದಕ್ಕಿಂತ ಎತ್ತರದವು. ಪ್ರತಿ ಗುಂಪನ್ನೂ ಸಾಲಾಗಿ ನಿಲ್ಲಿಸಿ ಟೇಪಿನಿಂದ ಉದ್ದ ಅಳೆದು ಬರೆದುಕೊಳ್ಳಿ.

ಒಂದು ಮನೆಯಲ್ಲಿ 160 ಪುಸ್ತಕಗಳಿವೆ ಎಂದಿಟ್ಟುಕೊಳ್ಳೋಣ. ಸರಾಸರಿ ದಪ್ಪ 1.5 ಸೆಂ.ಮೀ. ಆದರೆ ಸಾಲಿನ ಉದ್ದ 240 ಸೆಂ.ಮೀ. ಅಷ್ಟಕ್ಕೇ ಕಪಾಟು ಮಾಡಿಸಿದರೆ ಮುಂದಿನ ಜೂನ್ ತಿಂಗಳಲ್ಲೇ ಹೊಸ ಪುಸ್ತಕಗಳು ನೆಲದ ಮೇಲೆ ಕೂರುತ್ತವೆ. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ಎಸ್.ಆರ್. ರಂಗನಾಥನ್ ತಮ್ಮ ಬದುಕಿನ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. 1962ರಲ್ಲಿ ಇಲ್ಲಿ ದಾಖಲೀಕರಣದ ಸಂಶೋಧನೆ ಮತ್ತು ತರಬೇತಿಗೆ ಒಂದು ಕೇಂದ್ರವನ್ನೇ ಕಟ್ಟಿದರು. ಗ್ರಂಥಾಲಯವನ್ನು ಅವರು ಬೆಳೆಯುತ್ತಲೇ ಇರುವ ಜೀವಿಯಂತೆ ಕಂಡವರು. ಈ ಮಾತು ಸಾರ್ವಜನಿಕ ಗ್ರಂಥಾಲಯಕ್ಕೆ ಎಷ್ಟು ನಿಜವೋ ಮನೆಯ ಕಪಾಟಿಗೂ ಅಷ್ಟೇ ನಿಜ. ಆದುದರಿಂದ ಅಳೆದ ಉದ್ದಕ್ಕೆ ಕಾಲು ಭಾಗವನ್ನು ಸೇರಿಸಿ. 240ಕ್ಕೆ 60 ಸೇರಿದರೆ 300 ಸೆಂ.ಮೀ. ಅಂದರೆ 60 ಸೆಂ.ಮೀ. ಉದ್ದದ ಐದು ಖಾನೆ. ಉದ್ದ 60 ಏಕೆ, 90 ಅಥವಾ 120 ಏಕಲ್ಲ ಎಂಬುದನ್ನು ಮುಂದೆ ನೋಡೋಣ.

ಖಾನೆಯ ಎತ್ತರಕ್ಕೆ ಪುಸ್ತಕದ ಎತ್ತರದ ಮೇಲೆ ಸುಮಾರು 3 ಸೆಂ.ಮೀ. ಬಿಡಿ. ಬೆರಳು ಹಾಕಿ ಪುಸ್ತಕ ತೆಗೆಯಲು, ಗಾಳಿಯಾಡಲು ಅದು ಬೇಕು. ಡೆಮಿ ಪುಸ್ತಕಕ್ಕೆ 25 ಸೆಂ.ಮೀ., ದೊಡ್ಡ ಪುಸ್ತಕಕ್ಕೆ 33 ಸೆಂ.ಮೀ. ಸಾಕು. ಹಲಗೆಯ ಅಗಲ 24 ಸೆಂ.ಮೀ. ಇದ್ದರೆ ಎರಡು ಬಗೆಯ ಪುಸ್ತಕಕ್ಕೂ ಆಗುತ್ತದೆ. ಬಟ್ಟೆಯ ಬೀರುವಿನಂತೆ 45 ಸೆಂ.ಮೀ. ಆಳ ಮಾಡಿಸಿದರೆ ಎರಡು ಸಾಲು ಪುಸ್ತಕ ಹಿಡಿಸುತ್ತದೆ ನಿಜ. ಆದರೆ ಹಿಂದಿನ ಸಾಲು ಮತ್ತೆ ಕಣ್ಣಿಗೆ ಬೀಳುವುದಿಲ್ಲ. ಅದನ್ನು ಸಜ್ಜದ ಮೇಲಿಟ್ಟಂತೆಯೇ ಲೆಕ್ಕ.

ಹಲಗೆ ಏಕೆ ಬಾಗುತ್ತದೆ?

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಪುಸ್ತಕದ ಹಲಗೆ ಮುರಿದು ಬೀಳುವುದು ಅಪರೂಪ. ಅದು ಕೆಡುವುದು ಬಾಗಿ. ನಡು ಜೋತುಬಿದ್ದ ಹಲಗೆಯ ಮೇಲೆ ಪುಸ್ತಕಗಳು ಒಂದಕ್ಕೊಂದು ವಾಲಿ ಬೆನ್ನು ಸಡಿಲವಾಗುತ್ತದೆ, ಹೊಲಿಗೆ ಬಿಡುತ್ತದೆ.

ಒಂದು ಸಣ್ಣ ಪ್ರಯೋಗ ಮಾಡಿ. ಒಂದೇ ದಪ್ಪದ ಎರಡು ಪುಸ್ತಕಗಳನ್ನು 24 ಸೆಂ.ಮೀ. ಅಂತರದಲ್ಲಿ ಇಟ್ಟು ಅವುಗಳ ಮೇಲೆ ಬಾಗುವಂತಹ ಪ್ಲಾಸ್ಟಿಕ್ ಸ್ಕೇಲನ್ನು ಸೇತುವೆಯಂತೆ ಮಲಗಿಸಿ. ನಡುವೆ ಕೆಲವು ನಾಣ್ಯಗಳನ್ನು ಒಂದರ ಮೇಲೊಂದು ಇಟ್ಟು, ಸ್ಕೇಲು ಎಷ್ಟು ಮಿ.ಮೀ. ತಗ್ಗಿತು ಎಂದು ಅಳೆಯಿರಿ. ಈಗ ಅಂತರವನ್ನು 12 ಸೆಂ.ಮೀ.ಗೆ ಇಳಿಸಿ ಅಷ್ಟೇ ನಾಣ್ಯಗಳನ್ನು ಇಡಿ. ಬಾಗು ಅರ್ಧವಾಗಬಹುದೆಂದು ನೀವು ಊಹಿಸಿರಬಹುದು. ಅದು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಮೊದಲು 8 ಮಿ.ಮೀ. ಇದ್ದದ್ದು ಈಗ 1 ಮಿ.ಮೀ. ನಡುವೆ ಒಂದೇ ಕಡೆ ಇಟ್ಟ ಭಾರಕ್ಕೆ ಬಾಗು ಅಂತರದ ಘನದಂತೆ ಬದಲಾಗುತ್ತದೆ.

ಪುಸ್ತಕಗಳ ಸಾಲು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅಂತರ ಅರ್ಧವಾದಾಗ ಆ ಹಲಗೆಯ ಮೇಲೆ ನಿಲ್ಲುವ ಪುಸ್ತಕಗಳೂ ಅರ್ಧವಾಗುತ್ತವೆ. ಎಂಟರಲ್ಲಿ ಒಂದು ಭಾಗದ ಅರ್ಧ, ಅಂದರೆ ಹದಿನಾರರಲ್ಲಿ ಒಂದು ಭಾಗ. ಸಾಲಾಗಿ ಹರಡಿದ ಭಾರಕ್ಕೆ ಬಾಗು ಅಂತರದ ನಾಲ್ಕನೇ ಘಾತದಂತೆ ಏರುತ್ತದೆ. ಈ ಲೇಖನದಲ್ಲಿ ಒಂದೇ ಒಂದು ವಾಕ್ಯ ನೆನಪಿಡಬೇಕೆಂದರೆ ಇದನ್ನೇ ನೆನಪಿಡಿ.

ದಪ್ಪದ ಮಾತೂ ಹೀಗೆಯೇ. ಒಂದರ ಮೇಲೊಂದು ಎರಡು ಸ್ಕೇಲು ಇಟ್ಟು ನೋಡಿ. ಬಾಗು ಅರ್ಧವಾಗುತ್ತದೆ ಅಷ್ಟೆ. ಅವೆರಡನ್ನೂ ಅಂಟಿನಿಂದ ಪೂರ್ತಿ ಬೆಸೆದರೆ ಬಾಗು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಅಂಟಿಲ್ಲದಾಗ ಎರಡೂ ಒಂದರ ಮೇಲೊಂದು ಜಾರುತ್ತವೆ. ಅಂಟಿದಾಗ ಒಂದೇ ದಪ್ಪ ಹಲಗೆಯಂತೆ ಎದುರು ನಿಲ್ಲುತ್ತವೆ. ದಪ್ಪ ಎರಡು ಪಟ್ಟಾದರೆ ಬಿಗಿತ ಎಂಟು ಪಟ್ಟು. ಅದೇ ಸ್ಕೇಲನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿದರೆ ಅದು ಬಾಗುವುದೇ ಇಲ್ಲವೆನ್ನಬಹುದು. ಮನೆಯ ತೊಲೆಯನ್ನು ಅಗಲವಾಗಿ ಮಲಗಿಸದೆ ಎತ್ತರವಾಗಿ ಇಡುವುದು ಇದೇ ಕಾರಣಕ್ಕೆ.

ತೊಲೆಯ ಬಲದ ಬಗ್ಗೆ ಗೆಲಿಲಿಯೊ 1638ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಚರ್ಚಿಸಿದ್ದ. ಬಾಗಿನ ಸರಿಯಾದ ಗಣಿತ ಸಿದ್ಧವಾದದ್ದು 18ನೆಯ ಶತಮಾನದಲ್ಲಿ, ಆಯ್ಲರ್ ಮತ್ತು ಡೇನಿಯಲ್ ಬರ್ನೌಲಿ ಅವರಿಂದ. ಸೇತುವೆ ಕಟ್ಟುವವರು ಇಂದಿಗೂ ಬಳಸುವ ಆ ಸೂತ್ರವನ್ನೇ ನಮ್ಮ ಕಪಾಟಿಗೆ ಹಾಕೋಣ.

24 ಸೆಂ.ಮೀ. ಅಗಲ, 18 ಮಿ.ಮೀ. ದಪ್ಪದ ಸಾಧಾರಣ ಪ್ಲೈವುಡ್ ಹಲಗೆ, ಮೀಟರಿಗೆ 25 ಕಿ.ಗ್ರಾಂ. ಪುಸ್ತಕ ಎಂದು ಹಿಡಿದರೆ ನಡುವಿನ ಬಾಗು ಸುಮಾರು ಹೀಗೆ ಬರುತ್ತದೆ:

ಆಧಾರಗಳ ನಡುವೆ 60 ಸೆಂ.ಮೀ. ಇದ್ದರೆ 0.6 ಮಿ.ಮೀ.
90 ಸೆಂ.ಮೀ. ಇದ್ದರೆ 3 ಮಿ.ಮೀ.
120 ಸೆಂ.ಮೀ. ಇದ್ದರೆ 9.5 ಮಿ.ಮೀ.

ಮರದಪುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ಆದರೆ ಈ ಪ್ರತಿಯೊಂದು ಅಂಕಿಯೂ ಎರಡೂವರೆ ಪಟ್ಟಿಗಿಂತ ಹೆಚ್ಚು. ಇದು ಪುಸ್ತಕ ಇಟ್ಟ ಮೊದಲ ದಿನದ ಬಾಗು. ಮರ ಮತ್ತು ಮರದಿಂದ ಮಾಡಿದ ಹಲಗೆಗಳು ಭಾರ ಹೊತ್ತು ನಿಂತಷ್ಟೂ ಕಾಲ ನಿಧಾನವಾಗಿ ಬಾಗುತ್ತಲೇ ಇರುತ್ತವೆ. ಕೆಲವು ವರ್ಷಗಳಲ್ಲಿ ಬಾಗು ಎರಡು ಪಟ್ಟಾದರೂ ಆಶ್ಚರ್ಯವಿಲ್ಲ, ತೇವದ ಊರುಗಳಲ್ಲಿ ಇನ್ನೂ ಹೆಚ್ಚು. ಹೀಗೆ ಬಾಗಿದ್ದು ಪುಸ್ತಕ ತೆಗೆದ ಮೇಲೂ ಪೂರ್ತಿ ನೆಟ್ಟಗಾಗುವುದಿಲ್ಲ.

ಆದುದರಿಂದ ದುಬಾರಿ ಮರದ 120 ಸೆಂ.ಮೀ. ಹಲಗೆಗಿಂತ ಸಾಧಾರಣ ಪ್ಲೈವುಡ್ಡಿನ 60 ಸೆಂ.ಮೀ. ಹಲಗೆ ಬಹಳ ಹೆಚ್ಚು ಬಿಗಿಯಾಗಿರುತ್ತದೆ. ಅಗಲವಾದ ಕಪಾಟು ಬೇಕೆಂದರೆ ಉದ್ದ ಹಲಗೆ ಹಾಕಬೇಡಿ, ನಡುವೆ ಒಂದು ನಿಲುವು ಹಲಗೆ ಕೊಡಿ. ಈಗಾಗಲೇ ಬಾಗಿರುವ ಕಪಾಟು ಮನೆಯಲ್ಲಿದ್ದರೂ ಇದೇ ಮದ್ದು: ಹಲಗೆಯನ್ನು ಮಗುಚಿ ಹಾಕಿ, ನಡುವೆ ಒಂದು ಆಧಾರ ನಿಲ್ಲಿಸಿ.

ಯಾವ ಹಲಗೆ, ಯಾವ ಕಲ್ಲು?

ತೇಗ, ಹಲಸು, ಹೊನ್ನೆ ಇವು ನಮ್ಮ ನಾಡಿನ ಮನೆಗಳು ತಲೆತಲಾಂತರದಿಂದ ಬಲ್ಲ ಮರಗಳು. ಹಳೆಯ ಬಾಗಿಲು, ಮಂಚ, ಪೆಟ್ಟಿಗೆ ಮನೆಯಲ್ಲಿ ಬಿದ್ದಿದ್ದರೆ ಅದರ ಹಲಗೆಯನ್ನು ಕೊಯ್ಯಿಸಿ ಬಳಸಬಹುದು. ಹಳೆಯ ಮರ ಚೆನ್ನಾಗಿ ಒಣಗಿರುವುದರಿಂದ ಸೆಡೆದುಕೊಳ್ಳುವುದು ಕಡಿಮೆ. ಕಾಫಿ ತೋಟಗಳಲ್ಲಿ ನೆರಳಿಗೆಂದು ಬೆಳೆಸುವ ಸಿಲ್ವರ್ ಓಕ್ ಮರವೂ ಹಲಗೆಗೆ ಆಗುತ್ತದೆ. ಅದು ಸರಿಯಾಗಿ ಒಣಗಿರಬೇಕು, ಗೆದ್ದಲಿಗೆ ಔಷಧೋಪಚಾರವೂ ಆಗಿರಬೇಕು.

ಪ್ಲೈವುಡ್ ಎಂದರೆ ತೆಳು ಮರದ ಪದರಗಳನ್ನು ಒಂದರ ನಾರಿಗೆ ಇನ್ನೊಂದರ ನಾರು ಅಡ್ಡ ಬರುವಂತೆ ಅಂಟಿಸಿದ ಹಾಳೆ. ಮೇಲ್ಪದರದ ನಾರು ಹಲಗೆಯ ಉದ್ದಕ್ಕೆ ಬರುವಂತೆ ಕೊಯ್ಯಿಸಬೇಕು. ಅಡ್ಡ ಕೊಯ್ದರೆ ಬಿಗಿತ ಕಡಿಮೆಯಾಗುತ್ತದೆ. ಕೊಳ್ಳುವಾಗ ಐ.ಎಸ್.ಐ. ಗುರುತು ನೋಡಿ. ಸಾಧಾರಣ ಬಳಕೆಯ ಪ್ಲೈವುಡ್ಡಿಗೆ ಐ.ಎಸ್. 303, ನೀರಿಗೆ ಹೆಚ್ಚು ತಡೆಯುವ ಮರೀನ್ ಪ್ಲೈವುಡ್ಡಿಗೆ ಐ.ಎಸ್. 710 ಎಂಬ ಮಾನಕಗಳಿವೆ. ಒಳಕೋಣೆಯ ಕಪಾಟಿಗೆ ಮೊದಲನೆಯದು ಸಾಕು. ಕರಾವಳಿ, ಮಲೆನಾಡಿನವರು ಎರಡನೆಯದನ್ನು ಯೋಚಿಸಬಹುದು.

ಪಾರ್ಟಿಕಲ್ ಬೋರ್ಡ್ ಅಗ್ಗ, ಕಣ್ಣಿಗೂ ಚೆಂದ. ಆದರೆ ಬೇಗ ಬಾಗುತ್ತದೆ, ನೀರು ತಗುಲಿದರೆ ಉಬ್ಬುತ್ತದೆ. ಅಂತಹ ಕಪಾಟು ಈಗಾಗಲೇ ಮನೆಯಲ್ಲಿದ್ದರೆ ಹಲಗೆಯ ಮುಂದಿನ ಅಂಚಿಗೆ 4 ಸೆಂ.ಮೀ. ಎತ್ತರದ ಮರದ ಪಟ್ಟಿಯನ್ನು ನಿಲ್ಲಿಸಿ ಅಂಟಿಸಿ. ಅಂಚಿನ ಮೇಲೆ ನಿಂತ ಸ್ಕೇಲನ್ನು ನೆನಪಿಸಿಕೊಳ್ಳಿ. ಬಿಗಿತ ಎರಡು ಪಟ್ಟಿಗೂ ಮೀರಿ ಏರುತ್ತದೆ.

ನಮ್ಮ ಅನೇಕ ಮನೆಗಳ ಗೋಡೆ ಕಪಾಟಿನಲ್ಲಿ ಕಡಪ ಕಲ್ಲಿನ ಚಪ್ಪಡಿಗಳಿರುತ್ತವೆ. ಕಲ್ಲು ಬಾಗದು, ಗೆದ್ದಲಿಗೆ ಆಹಾರವಾಗದು. ಆದರೆ ಒಂದು ಎಚ್ಚರಿಕೆ ಬೇಕು. ಭಾರ ಹೊತ್ತ ಹಲಗೆಯ ಮೇಲ್ಮೈ ಒತ್ತಿಕೊಳ್ಳುತ್ತದೆ, ಕೆಳಮೈ ಎಳೆದುಕೊಳ್ಳುತ್ತದೆ. ಕಲ್ಲು ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಎಳೆತವನ್ನು ತಾಳುವುದಿಲ್ಲ. ಮರ ಬಾಗಿ ಮುನ್ಸೂಚನೆ ಕೊಟ್ಟರೆ ಕಲ್ಲು ಹೇಳದೆ ಕೇಳದೆ ಬಿರಿಯುತ್ತದೆ. ಆದುದರಿಂದ ಚಪ್ಪಡಿಯ ಕೆಳಗೆ ಕೂದಲೆಳೆಯಷ್ಟು ಬಿರುಕು ಕಂಡರೂ ಪುಸ್ತಕಗಳನ್ನು ಇಳಿಸಿಬಿಡಿ. ಮೂರು ಕಡೆ ಗೋಡೆಯೊಳಗೆ ಕೂತ ಚಪ್ಪಡಿ, ಎರಡೇ ಕಡೆ ಕೂತದ್ದಕ್ಕಿಂತ ಭದ್ರ.

ಒಂದು ಹಾಳೆ, ಒಂದು ಕಪಾಟು

ಈಗ 160 ಪುಸ್ತಕದ ಮನೆಗೆ ಕಪಾಟು ಕಟ್ಟೋಣ. ನೆಲದಿಂದ 10 ಸೆಂ.ಮೀ. ಎತ್ತರದ ಅಡಿಪಟ್ಟಿ. ಅದರ ಮೇಲೆ ದೊಡ್ಡ ಪುಸ್ತಕಕ್ಕೆ 33 ಸೆಂ.ಮೀ. ಎತ್ತರದ ಒಂದು ಖಾನೆ. ಅದರ ಮೇಲೆ 25 ಸೆಂ.ಮೀ. ಎತ್ತರದ ನಾಲ್ಕು ಖಾನೆ. ಇಲ್ಲಿಗೆ 143 ಸೆಂ.ಮೀ. ಆಯಿತು. ಐದು ಖಾನೆಗೆ ತಳ ಮತ್ತು ತಲೆ ಸೇರಿ ಆರು ಹಲಗೆ ಬೇಕು. ಅವುಗಳ ದಪ್ಪ ಆರು ಸಲ 1.8, ಅಂದರೆ 10.8 ಸೆಂ.ಮೀ. ಬಹಳ ಮಂದಿ ಮರೆಯುವುದು ಈ ದಪ್ಪವನ್ನೇ. ಒಟ್ಟು ಎತ್ತರ ಸುಮಾರು 154 ಸೆಂ.ಮೀ. ಪ್ರೌಢಶಾಲೆಯ ವಿದ್ಯಾರ್ಥಿಗೆ ಸ್ಟೂಲಿಲ್ಲದೆ ಮೇಲಿನ ಖಾನೆ ಎಟುಕುತ್ತದೆ.

ಅಂಗಡಿಯಲ್ಲಿ ಸಿಗುವ ಪ್ಲೈವುಡ್ ಹಾಳೆ 8 ಅಡಿ ಉದ್ದ, 4 ಅಡಿ ಅಗಲ. ಎಂದರೆ 244 ಮತ್ತು 122 ಸೆಂ.ಮೀ. ಉದ್ದಕ್ಕೆ ಕೊಯ್ದರೆ 24 ಸೆಂ.ಮೀ. ಅಗಲದ ಐದು ಪಟ್ಟಿ ಬರುತ್ತವೆ. ಉಳಿದ 2 ಸೆಂ.ಮೀ. ಗರಗಸದ ಬಾಯಿಗೆ ಹೋಗುತ್ತದೆ. ಮೊದಲ ಎರಡು ಪಟ್ಟಿಗಳಲ್ಲಿ ತಲಾ ಒಂದು 154 ಸೆಂ.ಮೀ. ಪಕ್ಕದ ಹಲಗೆ ಮತ್ತು ಒಂದು 60 ಸೆಂ.ಮೀ. ಹಲಗೆ. ಮೂರನೆಯ ಪಟ್ಟಿಯಲ್ಲಿ 60ರ ನಾಲ್ಕು ಹಲಗೆ. ಇಷ್ಟಕ್ಕೆ ಕಪಾಟು ಮುಗಿಯಿತು. ಉಳಿದ ಎರಡು ಪಟ್ಟಿಗಳಲ್ಲಿ ಅಡಿಪಟ್ಟಿ ತೆಗೆಯಬಹುದು, ಮಿಕ್ಕದ್ದನ್ನು ಮುಂದೆ ಕಪಾಟು ಬೆಳೆಸಲು ಎತ್ತಿಡಬಹುದು. ಈ ನಕ್ಷೆಯನ್ನು ಗ್ರಾಫ್ ಹಾಳೆಯ ಮೇಲೆ ಬರೆದುಕೊಂಡು ಅಂಗಡಿಗೆ ಹೋಗಿ. ಅನೇಕ ಅಂಗಡಿಗಳಲ್ಲಿ ಯಂತ್ರದಿಂದ ಕೊಯ್ದು ಕೊಡುತ್ತಾರೆ. ಅಂಚು ನೆಟ್ಟಗಿರುತ್ತದೆ, ಮನೆಯಲ್ಲಿ ಗರಗಸ ಹಿಡಿಯುವ ಅಪಾಯವೂ ತಪ್ಪುತ್ತದೆ.

ಜೋಡಿಸುವಾಗ ಪಕ್ಕದ ಹಲಗೆಗಳ ಒಳಮೈಯಲ್ಲಿ, ಪ್ರತಿ ಖಾನೆಯ ಹಲಗೆ ಕೂರುವ ಕಡೆ, 2 ಸೆಂ.ಮೀ. ಚೌಕದ ರೀಪರ್ ಪಟ್ಟಿಗಳನ್ನು ಅಂಟು ಮತ್ತು ಸ್ಕ್ರೂ ಎರಡನ್ನೂ ಬಳಸಿ ಕೂರಿಸಿ. ಹಲಗೆಯ ಭಾರ ಆ ಪಟ್ಟಿಯ ಮೇಲೆ ಕೂರಬೇಕು. ಬರೀ ಮೊಳೆಯ ಮೇಲೆ ನೇತಾಡಬಾರದು. ಎರಡು ಪಕ್ಕದ ಹಲಗೆಗಳನ್ನೂ ನೆಲದ ಮೇಲೆ ಒತ್ತಟ್ಟಿಗೆ ಮಲಗಿಸಿ ಒಂದೇ ಸಲ ಗುರುತು ಹಾಕಿದರೆ ಎಡಬಲದ ಪಟ್ಟಿಗಳು ಒಂದೇ ಎತ್ತರಕ್ಕೆ ಬರುತ್ತವೆ. ಸ್ಕ್ರೂ ಹಾಕುವ ಮೊದಲು ಸಣ್ಣ ತೂತು ಕೊರೆದರೆ ಪ್ಲೈವುಡ್ಡಿನ ಪದರ ಬಿಚ್ಚಿಕೊಳ್ಳುವುದಿಲ್ಲ. ಡ್ರಿಲ್ಲಿನ ಕೆಲಸಕ್ಕೆ ಮನೆಯ ಹಿರಿಯರೊಬ್ಬರು ಜೊತೆಗಿರಲಿ.

ವಾಲದಂತೆ, ಉರುಳದಂತೆ

ಹೀಗೆ ನಿಂತ ಚೌಕಟ್ಟನ್ನು ಪಕ್ಕದಿಂದ ಮೆಲ್ಲಗೆ ತಳ್ಳಿ ನೋಡಿ. ಅದು ಅಲುಗಾಡಿ ಸಮಾಂತರ ಚತುರ್ಭುಜವಾಗಲು ಹೊರಡುತ್ತದೆ. ನಾಲ್ಕು ರಟ್ಟಿನ ಪಟ್ಟಿಗಳನ್ನು ಗುಂಡುಪಿನ್ನಿನಿಂದ ಜೋಡಿಸಿದ ಆಯತ ಸುಲಭವಾಗಿ ಓರೆಯಾಗುತ್ತದೆ. ಮೂರು ಪಟ್ಟಿಯ ತ್ರಿಭುಜ ಆಗುವುದಿಲ್ಲ. ಕಬ್ಬಿಣದ ಸೇತುವೆಗಳಲ್ಲಿ ತ್ರಿಭುಜಗಳೇ ತುಂಬಿರುವುದು ಇದಕ್ಕಾಗಿ. ಕಪಾಟಿನ ಬೆನ್ನಿಗೆ ಮೂಲೆಯಿಂದ ಮೂಲೆಗೆ ಒಂದು ಓರೆ ಪಟ್ಟಿ ಹೊಡೆದರೆ ಆಯತ ಎರಡು ತ್ರಿಭುಜವಾಗಿ ಗಟ್ಟಿಯಾಗುತ್ತದೆ. ಬೆನ್ನಿಗೆ 4 ಮಿ.ಮೀ. ತೆಳು ಪ್ಲೈವುಡ್ ಬಡಿದರೂ ಅದೇ ಫಲ.

ಇನ್ನೊಂದು ಅಪಾಯ ಮುಂದಕ್ಕೆ ಉರುಳುವುದು. ಪುಸ್ತಕ ತುಂಬಿದ ನಮ್ಮ ಕಪಾಟು ಸುಮಾರು 100 ಕಿ.ಗ್ರಾಂ. ತೂಗುತ್ತದೆ. ಅದರ ಬುಡದ ಆಳ 24 ಸೆಂ.ಮೀ. ಮಾತ್ರ. ಎಲ್ಲ ಖಾನೆಗಳೂ ಸಮನಾಗಿ ತುಂಬಿದ್ದರೆ ಗುರುತ್ವ ಕೇಂದ್ರ ಬುಡದಿಂದ 75 ಸೆಂ.ಮೀ.ಗಿಂತ ಮೇಲಿರುತ್ತದೆ. ಬುಡದ ಅರ್ಧ 12 ಸೆಂ.ಮೀ. 12ನ್ನು 75ರಿಂದ ಭಾಗಿಸಿ ಕೋನವನ್ನು ಟ್ಯಾಂಜೆಂಟ್ ಕೋಷ್ಟಕದಲ್ಲಿ ಹುಡುಕಿ. ಸುಮಾರು 9 ಡಿಗ್ರಿ. ಅಷ್ಟು ವಾಲಿದರೆ ಕಪಾಟು ತಾನಾಗಿ ಉರುಳುತ್ತದೆ. ಪುಟ್ಟ ಮಗುವೊಂದು ಖಾನೆಗಳನ್ನು ಏಣಿಯಂತೆ ಹತ್ತಿದರೆ ಇಷ್ಟಾಗಲು ಹೆಚ್ಚು ಹೊತ್ತು ಬೇಡ. ಭಾರದ ಪುಸ್ತಕಗಳನ್ನು ಕೆಳಗಿಟ್ಟು ಗುರುತ್ವ ಕೇಂದ್ರವನ್ನು 60 ಸೆಂ.ಮೀ.ಗೆ ಇಳಿಸಿದರೂ ಕೋನ 11 ಡಿಗ್ರಿ ಆಗುತ್ತದೆ ಅಷ್ಟೆ. ಆದುದರಿಂದ ತಲೆಯ ಹತ್ತಿರ ಎರಡು ಕಡೆ ಕಬ್ಬಿಣದ ಎಲ್ ಆಕಾರದ ಪಟ್ಟಿ ಹಾಕಿ ಗೋಡೆಗೆ ಪ್ಲಗ್ಗು, ಸ್ಕ್ರೂಗಳಿಂದ ಕಚ್ಚಿಸಲೇಬೇಕು. ಬೇರೆ ಯಾವುದನ್ನು ಬಿಟ್ಟರೂ ಇದನ್ನು ಬಿಡಬೇಡಿ. ಚಿಕ್ಕ ಮಕ್ಕಳಿರುವ ಮನೆಯಲ್ಲಂತೂ ಪುಸ್ತಕ ಜೋಡಿಸುವ ಮೊದಲೇ ಈ ಕೆಲಸ ಮುಗಿಯಬೇಕು. ಸ್ಟುಡಿಯೋದಲ್ಲಿ ಅತಿಥಿಗಳ ಬೆನ್ನ ಹಿಂದೆ ನಿಲ್ಲಿಸುವ ಕಪಾಟು ಕ್ಯಾಮೆರಾ ಇರುವಷ್ಟು ಹೊತ್ತು ನಿಂತರೆ ಸಾಕು. ಮನೆಯದು ಮೂವತ್ತು ವರ್ಷ ನಿಲ್ಲಬೇಕು.

ತೇವ, ಗೆದ್ದಲು, ಬಿಸಿಲು

ಕಪಾಟಿನ ಜಾಗವನ್ನೂ ಯೋಚಿಸಿ ಆರಿಸಬೇಕು. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 70ನ್ನು ದಾಟಿ ಬಹಳ ದಿನ ನಿಂತರೆ ಕಾಗದದ ಮೇಲೆ ಬೂಷ್ಟು ಬೆಳೆಯತೊಡಗುತ್ತದೆ. ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ಆರ್ದ್ರತೆ ಅದಕ್ಕಿಂತ ಮೇಲೆಯೇ ಇರುತ್ತದೆ. ಬಚ್ಚಲಿನ ಗೋಡೆ, ಮಳೆಯ ಎರಚಲು ಬಡಿಯುವ ಹೊರಗೋಡೆ ಇವುಗಳಿಗೆ ಕಪಾಟನ್ನು ಒರಗಿಸಬೇಡಿ. ಗೋಡೆಗೂ ಕಪಾಟಿಗೂ ನಡುವೆ ಎರಡು ಮೂರು ಸೆಂ.ಮೀ. ಜಾಗ ಬಿಡಿ. ಗೋಡೆಗೆ ಕಚ್ಚಿಸುವ ಕಡೆ ಅಷ್ಟೇ ದಪ್ಪದ ಮರದ ತುಂಡು ಕೊಟ್ಟರಾಯಿತು. ಬೆನ್ನಿಗೆ ಪ್ಲೈವುಡ್ ಬಡಿದಿದ್ದರೆ ಪ್ರತಿ ಖಾನೆಯಲ್ಲೂ ಗಾಳಿಗೆ ಎರಡು ಮೂರು ತೂತು ಕೊರೆಯಿರಿ. ಪುಸ್ತಕಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದಿಟ್ಟರೆ ತೇವ ಒಳಗೇ ಉಳಿಯುತ್ತದೆ. ನೇರ ಬಿಸಿಲೂ ಒಳ್ಳೆಯದಲ್ಲ. ಅಗ್ಗದ ಕಾಗದದಲ್ಲಿ ಉಳಿದಿರುವ ಲಿಗ್ನಿನ್ ಎಂಬ ಮರದ ಅಂಶ ಬೆಳಕಿಗೆ ಹಳದಿಯಾಗಿ ಹಾಳೆ ಪುಡಿಪುಡಿಯಾಗುತ್ತದೆ.

ಗೆದ್ದಲು ನೆಲದಿಂದ ಮಣ್ಣಿನ ಕೊಳವೆ ಕಟ್ಟಿಕೊಂಡು ಕತ್ತಲಲ್ಲೇ ಬರುತ್ತದೆ. ಅಡಿಪಟ್ಟಿಯ 10 ಸೆಂ.ಮೀ. ಎತ್ತರ ಇರುವುದು ಆ ಕೊಳವೆ ನಿಮ್ಮ ಕಣ್ಣಿಗೆ ಬೀಳಲೆಂದೂ ಹೌದು. ತಿಂಗಳಿಗೊಮ್ಮೆ ಬ್ಯಾಟರಿ ಹಿಡಿದು ಕಪಾಟಿನ ಬುಡ ಮತ್ತು ಬೆನ್ನು ನೋಡಿ. ಬೇವಿನ ಎಲೆ ಇಡುವುದು ಹಳೆಯ ವಾಡಿಕೆ, ಆದರೆ ಅದನ್ನೇ ನಂಬಿ ಕೂರಬೇಡಿ. ಗೆದ್ದಲನ್ನು ದೂರವಿಡುವುದು ನಿಮ್ಮ ಕಣ್ಣು ಮತ್ತು ಪೊರಕೆ. ನುಸಿ ಗುಳಿಗೆಯನ್ನು ಮಕ್ಕಳ ಕೈಗೆ ಎಟುಕುವ ಖಾನೆಯಲ್ಲಿ ಎಂದೂ ಇಡಬೇಡಿ. ಅದರಲ್ಲಿರುವ ನಾಫ್ತಲೀನ್ ವಿಷಕಾರಿ.

ಇಷ್ಟೆಲ್ಲ ಜತನ ಯಾಕೆ ಎಂದು ಕೇಳಬಹುದು. 1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರಿಂದ ಒಂದು ತಾಳೆಗರಿಯ ಕಟ್ಟು ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಬಂತು. ಅಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ಬಹುಕಾಲ ಕಳೆದೇಹೋಯಿತೆಂದು ವಿದ್ವಾಂಸರು ತಿಳಿದಿದ್ದ ಗ್ರಂಥವದು. ಹುಳಕ್ಕೂ ತೇವಕ್ಕೂ ಸಿಗದಂತೆ ಯಾರೋ ಅದನ್ನು ಕಾಪಾಡಿಕೊಂಡು ಬಂದದ್ದರಿಂದ ನಮ್ಮವರೆಗೆ ಉಳಿಯಿತು. ನಿಮ್ಮ ಮನೆಯ ಪುಸ್ತಕ ಅಷ್ಟು ಅಪೂರ್ವವಲ್ಲದಿರಬಹುದು. ಆದರೆ ಅಜ್ಜಿಯ ಕೈಬರಹದ ಹಾಡಿನ ಪುಸ್ತಕಕ್ಕೆ ಜಗತ್ತಿನಲ್ಲಿ ಇನ್ನೊಂದು ಪ್ರತಿ ಇರುವುದಿಲ್ಲ.

ಕೈಯಲ್ಲಿ ಹಣವಿಲ್ಲದಿದ್ದರೆ

ಹಾಸ್ಟೆಲ್ಲಿನಲ್ಲೋ ಬಾಡಿಗೆ ಕೋಣೆಯಲ್ಲೋ ಇರುವವರು ಪ್ಲೈವುಡ್ ಹಾಳೆ ಕೊಳ್ಳಬೇಕಾಗಿಲ್ಲ. ಮನೆ ಕಟ್ಟಿದವರ ಅಂಗಳದಲ್ಲಿ ಉಳಿದ ಇಟ್ಟಿಗೆ ಮತ್ತು ಎರಡು ಮೂರು ಹಲಗೆ ಕೇಳಿ ತನ್ನಿ. ಇಟ್ಟಿಗೆಗೆ ಹಳೆಯ ಪತ್ರಿಕೆ ಸುತ್ತಿ, 25 ಸೆಂ.ಮೀ. ಎತ್ತರಕ್ಕೆ ಪೇರಿಸಿ, ಅದರ ಮೇಲೆ ಹಲಗೆ ಇಡಿ. ಇಲ್ಲೂ ನಿಯಮ ಒಂದೇ: 60 ಸೆಂ.ಮೀ.ಗೆ ಒಂದು ಇಟ್ಟಿಗೆ ಕಂಬ. ಮೂರು ಅಂತಸ್ತಿಗಿಂತ ಮೇಲೆ ಹೋಗಬೇಡಿ, ಏಕೆಂದರೆ ಈ ಇಟ್ಟಿಗೆಗಳನ್ನು ಹಿಡಿದಿಡಲು ಗಾರೆಯಿಲ್ಲ. ರಂಧ್ರವಿರುವ ಕಬ್ಬಿಣದ ಆಂಗಲ್ಲಿನ ರ‍್ಯಾಕು ಸೆಕೆಂಡ್ ಹ್ಯಾಂಡಿನಲ್ಲಿ ಸಿಕ್ಕರೆ ಅದೂ ಒಳ್ಳೆಯದೇ. ಬೋಲ್ಟು ಬಿಗಿಗೊಳಿಸಿ, ಮೂಲೆಗಳಿಗೆ ತ್ರಿಕೋನದ ತಗಡು ಹಾಕಿ, ಗೋಡೆಗೆ ಕಟ್ಟಿ.

ಕಪಾಟು ನಿಂತ ಮೇಲೆ ಪುಸ್ತಕಗಳನ್ನು ವಿಷಯವಾರು ಜೋಡಿಸಿ, ಒಂದು ನೋಟ್‌ಬುಕ್ಕಿನಲ್ಲಿ ಹೆಸರು ಬರೆದಿಡಿ. ಎರವಲು ಹೋದದ್ದಕ್ಕೆ ಅದರಲ್ಲೇ ಒಂದು ಪುಟವಿರಲಿ. ಎಲ್ಲರೂ ಓಡಾಡುವ ಜಾಗದಲ್ಲಿ, ಮನೆಯ ಅತಿ ಕಿರಿಯರಿಗೂ ಎಟುಕುವ ಎತ್ತರದಲ್ಲಿ ಒಂದು ಖಾನೆಯನ್ನು ಅವರ ಪುಸ್ತಕಗಳಿಗೆ ಮೀಸಲಿಡಿ.

ಮುಂದಿನ ಭಾನುವಾರ ಮಾಡಬೇಕಾದ ಕೆಲಸ ಇಷ್ಟೇ: ಪುಸ್ತಕಗಳನ್ನು ನೆಲಕ್ಕಿಳಿಸಿ, ಧೂಳು ಕೊಡವಿ, ಎರಡು ಗುಂಪು ಮಾಡಿ, ಸಾಲಿನ ಉದ್ದ ಅಳೆಯಿರಿ. ಕಾಲು ಭಾಗ ಸೇರಿಸಿ 60ರಿಂದ ಭಾಗಿಸಿ. ಬಂದ ಉತ್ತರವೇ ನಿಮಗೆ ಬೇಕಾದ ಖಾನೆಗಳ ಸಂಖ್ಯೆ. ಆ ಕಾಗದವನ್ನು ಮನೆಯ ಹಿರಿಯರ ಮುಂದಿಟ್ಟು ಮಾತು ಶುರುಮಾಡಿ. ಬಡಗಿಯನ್ನು ಕರೆಸುವುದೋ, ನೀವೇ ಕಟ್ಟುವುದೋ, ಇಟ್ಟಿಗೆ ಪೇರಿಸುವುದೋ ಎಂಬುದನ್ನು ಆಮೇಲೆ ಎಲ್ಲರೂ ಕೂಡಿ ತೀರ್ಮಾನಿಸಬಹುದು.